‘ನಾನು’ ಎನ್ನಬೇಕಾದಲ್ಲಿ ‘ನಾವು’: ಡೆಟ್ರಾಯಿಟ್‌ನ ಅಸಿಂಧು ದೀಕ್ಷಾಸ್ನಾನದ ಪ್ರಕರಣ

ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಕಥೋಲಿಕ ಮಹಾಧರ್ಮಪ್ರಾಂತ್ಯದಲ್ಲಿ ಮ್ಯಾಥ್ಯೂ ಹುಡ್ 2017ರಲ್ಲಿ ಗುರುದೀಕ್ಷೆ (ಪಾದ್ರಿಯಾಗುವ ದೀಕ್ಷೆ) ಪಡೆದರು. ಮೂರು ವರ್ಷ ಬಲಿಪೂಜೆ ಅರ್ಪಿಸಿದರು, ಪಾಪನಿವೇದನೆ ಕೇಳಿದರು, ಮದುವೆ ನಡೆಸಿಕೊಟ್ಟರು, ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. 2020ರ ಆಗಸ್ಟ್‌ನಲ್ಲಿ ತಿಳಿದುಬಂದದ್ದೇನೆಂದರೆ, ಅವರು ಗುರುವೇ ಆಗಿರಲಿಲ್ಲ. ಅದಕ್ಕೂ ಹಿಂದಿನ ಮಾತೆಂದರೆ, ಅವರಿಗೆ ದೀಕ್ಷಾಸ್ನಾನವೇ (ಕ್ರೈಸ್ತರಾಗಲು ನೀರಿನಿಂದ ಕೊಡುವ ಸಂಸ್ಕಾರ) ಆಗಿರಲಿಲ್ಲ. 1990ರಲ್ಲಿ ಟ್ರಾಯ್ ಪಟ್ಟಣದ ಸಂತ ಅನಸ್ತಾಸಿಯಾ ಧರ್ಮಕೇಂದ್ರದಲ್ಲಿ ಹಸುಗೂಸಾಗಿದ್ದ ಅವರಿಗೆ ನೀರು ಹೊಯ್ದ ಡೀಕನ್ (ಗುರುವಿಗಿಂತ ಒಂದು ಮೆಟ್ಟಿಲು ಕೆಳಗಿನ ಸೇವಾಧಿಕಾರಿ), ‘ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಎನ್ನುವ ಬದಲು ‘ನಾವು ಕೊಡುತ್ತೇವೆ’ ಎಂದಿದ್ದರು.

ಸುದ್ದಿ ಹೊರಬಿದ್ದಾಗ ಎರಡು ಬಗೆಯ ಪ್ರತಿಕ್ರಿಯೆ ಬಂತು. ಒಂದು ಸರ್ವನಾಮಕ್ಕಾಗಿ ದೇವರು ಮಗುವನ್ನು ಕೈಬಿಡುತ್ತಾನೆಯೇ ಎಂದು ಕೆಲವರು ಕೇಳಿದರು. ಹಾಗಾದರೆ ನನ್ನದೂ ಆಗಿಲ್ಲವೇನೋ ಎಂದು ಇನ್ನು ಕೆಲವರು ಹೆದರಿದರು. ಎರಡು ಬೇರೆ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುವುದರಿಂದ ಹೀಗಾಗುತ್ತದೆ. ಈ ಸಂಸ್ಕಾರ ನಡೆದಿದೆಯೇ ಎಂಬುದು ಒಂದು ಪ್ರಶ್ನೆ. ಈ ಮನುಷ್ಯನಿಗೆ ರಕ್ಷಣೆ, ಅಂದರೆ ದೇವರ ಮುಂದೆ ಉದ್ಧಾರ, ಇದೆಯೇ ಎಂಬುದು ಮತ್ತೊಂದು. ಡೆಟ್ರಾಯಿಟ್ ಪ್ರಕರಣ ಇವೆರಡನ್ನೂ ಬಿಡಿಸಿ ನೋಡಲು ಒಳ್ಳೆಯ ಅವಕಾಶ.

ಘಟನೆ ನಡೆದ ಕ್ರಮ

ಆ ಡೀಕನ್ 1986ರಿಂದ 1999ರವರೆಗೆ ಅದೇ ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದರು. ಅವರು ಸೂತ್ರವಾಕ್ಯವನ್ನು ಬದಲಿಸಿ ಹೇಳುತ್ತಿದ್ದುದು 1999ರಲ್ಲಿ ಮೇಲಿನವರ ಗಮನಕ್ಕೆ ಬಂದು, ನಿಲ್ಲಿಸುವಂತೆ ಸೂಚನೆ ಹೋಯಿತು. ಆದರೆ ಅಷ್ಟರೊಳಗೆ ಆಗಿದ್ದ ದೀಕ್ಷಾಸ್ನಾನಗಳನ್ನು ಯಾರೂ ಪ್ರಶ್ನಿಸಲಿಲ್ಲ. ಅವು ನಿಯಮ ಮೀರಿದವು, ಆದರೂ ಸಿಂಧು ಎಂಬ ಅಭಿಪ್ರಾಯ ಆಗ ಚಾಲ್ತಿಯಲ್ಲಿತ್ತು.

ಇಪ್ಪತ್ತೊಂದು ವರ್ಷಗಳ ನಂತರ, 2020ರ ಆಗಸ್ಟ್ 6ರಂದು, ವ್ಯಾಟಿಕನ್ನಿನ ವಿಶ್ವಾಸತತ್ವ ಪೀಠ ಒಂದು ಟಿಪ್ಪಣಿ ಪ್ರಕಟಿಸಿತು. ಅದರ ತಿರುಳು ಎರಡೇ ಪ್ರಶ್ನೆ. ‘ನಾವು ನಿನಗೆ ಪಿತನ, ಸುತನ ಮತ್ತು ಪವಿತ್ರಾತ್ಮನ ನಾಮದಲ್ಲಿ ದೀಕ್ಷಾಸ್ನಾನ ಕೊಡುತ್ತೇವೆ’ ಎಂಬ ಸೂತ್ರದಿಂದ ಕೊಟ್ಟ ದೀಕ್ಷಾಸ್ನಾನ ಸಿಂಧುವೇ? ಅಲ್ಲ. ಹಾಗೆ ಪಡೆದವರಿಗೆ ಯಾವ ಷರತ್ತೂ ಇಲ್ಲದೆ ದೀಕ್ಷಾಸ್ನಾನ ಕೊಡಬೇಕೇ? ಹೌದು. ಪೋಪ್ ಫ್ರಾನ್ಸಿಸ್ ಇದಕ್ಕೆ ಜೂನ್ 8ರಂದೇ ಒಪ್ಪಿಗೆ ಕೊಟ್ಟಿದ್ದರು. ಟಿಪ್ಪಣಿಯ ಮೇಲಿನ ದಿನಾಂಕ ಜೂನ್ 24, ಸ್ನಾನಿಕ ಯೊವಾನ್ನರ ಜನನದ ಹಬ್ಬ.

ಟಿಪ್ಪಣಿ ಓದಿದ ಹುಡ್ ಅವರಿಗೆ ಮನೆಯಲ್ಲಿ ತಮ್ಮ ದೀಕ್ಷಾಸ್ನಾನದ ವಿಡಿಯೊ ಇರುವುದು ನೆನಪಿಗೆ ಬಂತು. ಹಾಕಿ ನೋಡಿದರು. ‘ನಾವು’ ಎಂಬ ಮಾತು ಅದರಲ್ಲಿ ಕೇಳಿಸುತ್ತಿತ್ತು. ಮಹಾಧರ್ಮಪ್ರಾಂತ್ಯಕ್ಕೆ ತಿಳಿಸಿದರು. ಆಗಸ್ಟ್ 9ರಂದು ಅವರಿಗೆ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಆದವು. 15ರಂದು ಡೀಕನ್ ಆಗಿ, 17ರಂದು ಗುರುವಾಗಿ ದೀಕ್ಷೆ ಪಡೆದರು. ಆಗಸ್ಟ್ 22ರಂದು ಮಹಾಧರ್ಮಾಧ್ಯಕ್ಷ ಅಲೆನ್ ವಿಗ್ನೆರಾನ್ ಅವರು ಜನರಿಗೆ ಪತ್ರ ಬರೆದು ಎಲ್ಲವನ್ನೂ ಬಹಿರಂಗಪಡಿಸಿದರು. ಮುಚ್ಚಿಡುವ ದಾರಿ ಇರಲಿಲ್ಲವೆಂದಲ್ಲ. ಅದನ್ನು ಹಿಡಿಯದೆ, ಎರಡೇ ವಾರದಲ್ಲಿ ಹೆಸರು, ದಿನಾಂಕ, ಪರಿಣಾಮಗಳ ಸಮೇತ ಹೇಳಿದ್ದು ಈ ಪ್ರಕರಣದಲ್ಲಿ ಮೆಚ್ಚಬೇಕಾದ ಸಂಗತಿ.

ಒಂದು ಕಡಿದರೆ ಯಾವ್ಯಾವುದು ಕಡಿಯುತ್ತದೆ

ಕಥೋಲಿಕ ಧರ್ಮಸಭೆಯ ಕಾನೂನಿನ 842ನೇ ಕಲಮಿನ ಪ್ರಕಾರ ದೀಕ್ಷಾಸ್ನಾನ ಆಗದವರು ಬೇರೆ ಯಾವ ಸಂಸ್ಕಾರವನ್ನೂ ಸಿಂಧುವಾಗಿ ಪಡೆಯಲಾರರು. 1024ನೇ ಕಲಮು ಗುರುದೀಕ್ಷೆಗೂ ಅದನ್ನೇ ಹೇಳುತ್ತದೆ. ಹಾಗಾಗಿ 2017ರಲ್ಲಿ ಬಿಷಪರು ಹುಡ್ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದೆಲ್ಲ ವಿಧಿವತ್ತಾಗಿಯೇ ನಡೆದಿದ್ದರೂ ಅವರು ಗುರುವಾಗಲಿಲ್ಲ.

ಅವರು ಅರ್ಪಿಸಿದ ಬಲಿಪೂಜೆಗಳಲ್ಲಿ ರೊಟ್ಟಿ ಕ್ರಿಸ್ತನ ಶರೀರವಾಗದೆ ರೊಟ್ಟಿಯಾಗಿಯೇ ಉಳಿಯಿತು. ಅವರು ಕೊಟ್ಟ ಪಾಪಕ್ಷಮೆ ಸಂಸ್ಕಾರವಾಗಲಿಲ್ಲ. ಅವರ ಬಳಿ ನಿವೇದಿಸಿದ ಗಂಭೀರ ಪಾಪಗಳು ನೆನಪಿದ್ದವರು ಮುಂದಿನ ಪಾಪನಿವೇದನೆಯಲ್ಲಿ ಅವನ್ನು ಮತ್ತೆ ಹೇಳಬೇಕು ಎಂದು ಮಹಾಧರ್ಮಪ್ರಾಂತ್ಯ ಸೂಚಿಸಿತು. ಒಳ್ಳೆಯ ಮನಸ್ಸಿನಿಂದ ಬಂದವರನ್ನು ದೇವರು ಬರಿಗೈಯಲ್ಲಿ ಕಳಿಸಿಲ್ಲ ಎಂಬ ಭರವಸೆಯನ್ನೂ ಜೊತೆಗೇ ಕೊಟ್ಟಿತು. ಅವರಿಂದ ದೃಢೀಕರಣ ಪಡೆದವರು ಮತ್ತೆ ಪಡೆಯಬೇಕಾಯಿತು. ಅವರಿಂದ ರೋಗಿಲೇಪನ ಪಡೆದು ತೀರಿಹೋದವರ ವಿಷಯದಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಈ ಇಡೀ ಪ್ರಕರಣದಲ್ಲಿ ಮನಸ್ಸಿಗೆ ಅತಿ ಭಾರವಾಗುವುದು ಇದೇ.

ಮದುವೆಯದ್ದು ಬೇರೆಯದೇ ಲೆಕ್ಕ. ಲ್ಯಾಟಿನ್ ಸಂಪ್ರದಾಯದಲ್ಲಿ ಮದುವೆಯ ಸಂಸ್ಕಾರವನ್ನು ಕೊಡುವವರು ವಧೂವರರೇ, ಗುರು ಧರ್ಮಸಭೆಯ ಸಾಕ್ಷಿ. ಆದರೆ ಆ ಸಾಕ್ಷಿಗೆ ಅಧಿಕಾರ ಇರಲೇಬೇಕು, ಇಲ್ಲದಿದ್ದರೆ 1108ನೇ ಕಲಮು ಕೇಳುವ ಕ್ರಮ ಪೂರೈಸದು. ಪರಿಹಾರ ಎರಡು ಬಗೆ. ದಂಪತಿ ಅಧಿಕಾರವಿರುವ ಗುರುವಿನ ಮುಂದೆ ಮತ್ತೆ ಸಮ್ಮತಿ ಹೇಳುವುದು ಒಂದು. ಅವರನ್ನು ಕರೆಸದೆಯೇ ಹಳೆಯ ಸಮ್ಮತಿಯನ್ನು ಬೇರಿನಿಂದಲೇ ಸರಿಪಡಿಸಿ ಬಿಷಪರು ಆದೇಶ ಹೊರಡಿಸುವುದು ಇನ್ನೊಂದು. 1161ರಿಂದ 1165ರವರೆಗಿನ ಕಲಮುಗಳು ಈ ಎರಡನೆಯದಕ್ಕೆ ದಾರಿ ಕೊಡುತ್ತವೆ.

ಹುಡ್ ಅವರು ಆ ಮೂರು ವರ್ಷಗಳಲ್ಲಿ ಕೊಟ್ಟ ದೀಕ್ಷಾಸ್ನಾನಗಳು ಮಾತ್ರ ಸಿಂಧುವಾಗಿ ಉಳಿದವು. ದೀಕ್ಷಾಸ್ನಾನ ಕೊಡಲು ಗುರುವೇ ಆಗಬೇಕೆಂದಿಲ್ಲ. ತುರ್ತಿನಲ್ಲಿ ಯಾರು ಬೇಕಾದರೂ, ಸ್ವತಃ ದೀಕ್ಷಾಸ್ನಾನ ಆಗದವರೂ, ಕೊಡಬಹುದು. ಬೇಕಾದ್ದು ನೀರು, ಸರಿಯಾದ ಮಾತು, ಧರ್ಮಸಭೆ ಮಾಡುವುದನ್ನು ಮಾಡುವ ಉದ್ದೇಶ. ‘ನಾವು’ ಎಂದ ಡೀಕನ್ ವಿಧಿವತ್ತಾಗಿ ದೀಕ್ಷೆ ಪಡೆದವರು, ಅವರು ಕೊಟ್ಟದ್ದು ನಿಲ್ಲಲಿಲ್ಲ. ‘ನಾನು’ ಎಂದ ಹುಡ್ ದೀಕ್ಷೆಯೇ ಆಗದವರು, ಅವರು ಕೊಟ್ಟದ್ದು ನಿಂತಿತು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಥೋಲಿಕ ನಿಲುವಿನ ಒಳಗಟ್ಟು ಅರ್ಥವಾಗುತ್ತದೆ. ಕೊಡುವವನ ಯೋಗ್ಯತೆ, ಪಾವಿತ್ರ್ಯ, ಅವನ ಸ್ವಂತ ವಿಶ್ವಾಸ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಆತ ಮಾಡಿದ್ದೇನು, ಆಡಿದ್ದೇನು ಎಂಬುದಷ್ಟೇ ಲೆಕ್ಕ.

‘ಧರ್ಮಸಭೆಯೇ ಕೊರತೆ ತುಂಬುತ್ತದಲ್ಲ’ ಎಂಬ ವಾದವೂ ಕೇಳಿಬಂತು. ಅದು 144ನೇ ಕಲಮಿನ ಮಾತು, ಆಡಳಿತಾಧಿಕಾರ ಮತ್ತು ಅನುಮತಿಗಳಿಗೆ ಅನ್ವಯಿಸುವಂಥದು. ಅನುಮತಿ ಪತ್ರದ ಅವಧಿ ಮುಗಿದಿದೆಯೆಂದು ಗೊತ್ತಿಲ್ಲದೆ ಒಬ್ಬ ಗುರು ಪಾಪನಿವೇದನೆ ಕೇಳಿದರೆ ಅದು ನೆರವಿಗೆ ಬರುತ್ತದೆ. ಆಗದೇ ಇದ್ದ ದೀಕ್ಷಾಸ್ನಾನವನ್ನು ಆಗಿದೆ ಎನ್ನಿಸಲು ಅದಕ್ಕೆ ಶಕ್ತಿಯಿಲ್ಲ.

ಗುರುವಾಗದ ಸಾಮಾನ್ಯ ವಿಶ್ವಾಸಿಯ ಮೇಲೂ ಇದರ ಪರಿಣಾಮ ಸಣ್ಣದಲ್ಲ. ಅದೇ ಡೀಕನ್‌ರಿಂದ ದೀಕ್ಷಾಸ್ನಾನ ಪಡೆದ ಹೆಣ್ಣುಮಗಳೊಬ್ಬಳು ಮುಂದೆ ಕಥೋಲಿಕ ಹುಡುಗನನ್ನು ಚರ್ಚಿನಲ್ಲಿ ಮದುವೆಯಾದಳು ಎಂದುಕೊಳ್ಳಿ. ದೀಕ್ಷಾಸ್ನಾನ ಆದವರು ಮತ್ತು ಆಗದವರ ನಡುವಿನ ಮದುವೆಗೆ ವಿಶೇಷ ವಿನಾಯಿತಿ ಬೇಕು, ಅವರದ್ದರಲ್ಲಿ ಅದನ್ನು ಯಾರೂ ಕೇಳಿರುವುದಿಲ್ಲ. ಆದರೂ ಎಲ್ಲರೂ ಅವಳಿಗೆ ದೀಕ್ಷಾಸ್ನಾನ ಆಗಿದೆಯೆಂದೇ ನಂಬಿದ್ದರೆ, ಆಗಿಲ್ಲವೆಂದು ಖಚಿತವಾಗಿ ಸಾಬೀತಾಗುವವರೆಗೆ ಮದುವೆ ಸಿಂಧುವೆಂದೇ ಭಾವಿಸಬೇಕು ಎನ್ನುತ್ತದೆ 1086ನೇ ಕಲಮಿನ ಮೂರನೇ ಭಾಗ. ವಿಡಿಯೊ ಸಿಕ್ಕಿದ ದಿನ ಆ ರಕ್ಷೆ ಬಿದ್ದುಹೋಗುತ್ತದೆ. ಅಂಥವರು ಧರ್ಮಪ್ರಾಂತ್ಯದ ನ್ಯಾಯಪೀಠದ ಕಚೇರಿಗೆ ಹೋಗಿ ದೀಕ್ಷಾಸ್ನಾನ, ದೃಢೀಕರಣ, ಮದುವೆಯ ಸರಿಪಡಿಕೆ ಎಲ್ಲವನ್ನೂ ಒಟ್ಟಿಗೆ ಮುಗಿಸಿಕೊಳ್ಳುವುದು ಲೇಸು.

‘ನಾವು’ ಎಂದರೆ ತಪ್ಪೇನು

ಟಿಪ್ಪಣಿಗೆ ಕಾರಣವಾದ ಪ್ರಯೋಗ ಹೀಗಿತ್ತು: ತಂದೆತಾಯಿ, ಜ್ಞಾನ ತಂದೆತಾಯಿ, ಅಜ್ಜ ಅಜ್ಜಿ, ಬಂಧುಮಿತ್ರರು, ಇಡೀ ಸಮುದಾಯದ ಹೆಸರಿನಲ್ಲಿ ‘ನಾವು’ ನಿನಗೆ ದೀಕ್ಷಾಸ್ನಾನ ಕೊಡುತ್ತೇವೆ. ಆಶಯ ಕೆಟ್ಟದ್ದಲ್ಲ, ಎಲ್ಲರನ್ನೂ ಸೇರಿಸಿಕೊಳ್ಳಬೇಕೆಂಬ ಪ್ರೀತಿಯೇ ಅದರ ಹಿಂದಿದೆ. ಆಕ್ಷೇಪ ಇರುವುದು ಕರ್ತೃ ಯಾರು ಎಂಬಲ್ಲಿ. ದೀಕ್ಷಾಸ್ನಾನ ಕೊಡುವವನು ಕ್ರಿಸ್ತ. ಶಿಷ್ಯ ಪೇತ್ರ ಕೊಟ್ಟರೂ ದ್ರೋಹಿ ಯೂದ ಕೊಟ್ಟರೂ ಕೊಡುವವನು ಕ್ರಿಸ್ತನೇ ಎಂದು ಸಂತ ಅಗಸ್ಟೀನರು ವಾದಿಸಿದ್ದು, ಕೊಡುವವನು ಪವಿತ್ರನಲ್ಲದಿದ್ದರೆ ಸಂಸ್ಕಾರ ನಿಲ್ಲದು ಎನ್ನುತ್ತಿದ್ದ ಡೊನಾಟಿಸ್ಟರ ವಿರುದ್ಧ. ಗುರು ಹೇಳುವ ‘ನಾನು’ ಗುರುವಿನ ಸ್ವಂತದ್ದಲ್ಲ. ಆತ ಸಮುದಾಯ ನೇಮಿಸಿದ ವಕ್ತಾರನೂ ಅಲ್ಲ. ಅಲ್ಲಿ ‘ನಾವು’ ಬಂದರೆ ಸಮುದಾಯವೇ ಕೊಡುವ ಕರ್ತೃವಾಗುತ್ತದೆ. ಹಲವರು ಕೂಡಿ ಒಬ್ಬನಿಗೆ ದೀಕ್ಷಾಸ್ನಾನ ಕೊಡಬಹುದೇ ಎಂದು 13ನೇ ಶತಮಾನದಲ್ಲೇ ತೋಮಸ್ ಅಕ್ವಿನಾಸರು ಕೇಳಿಕೊಂಡು, ಕೊಡಲಾಗದು ಎಂದಿದ್ದರು. ಟಿಪ್ಪಣಿ ಅದನ್ನು ನೆನಪಿಸುತ್ತದೆ.

ಹಾಗೆಂದು ‘ನಾನು’ ಎಂಬ ಪದವೇ ಮಂತ್ರವಲ್ಲ. ಪೂರ್ವದ ಕ್ರೈಸ್ತ ಸಂಪ್ರದಾಯಗಳಲ್ಲಿ ‘ದೇವರ ಸೇವಕನಾದ ಇಂಥವನು ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ದೀಕ್ಷಾಸ್ನಾನ ಹೊಂದುತ್ತಾನೆ’ ಎಂದು ಹೇಳುತ್ತಾರೆ. ಅಲ್ಲಿ ‘ನಾನು’ ಇಲ್ಲವೇ ಇಲ್ಲ. ರೋಮ್ ಅದನ್ನು ಪೂರ್ಣ ಸಿಂಧುವೆಂದು ಒಪ್ಪುತ್ತದೆ, ಏಕೆಂದರೆ ಅದು ಆ ಸಭೆಗಳು ಪರಂಪರೆಯಿಂದ ಪಡೆದ ಸೂತ್ರ, ಕರ್ತೃವಿನ ಜಾಗದಲ್ಲಿ ಅದು ಬೇರೆ ಯಾರನ್ನೂ ಕೂರಿಸುವುದಿಲ್ಲ.

ಟೀಕಾಕಾರರ ಅತ್ಯಂತ ಗಟ್ಟಿ ವಾದ 8ನೇ ಶತಮಾನದಿಂದ ಬರುತ್ತದೆ. ಬವೇರಿಯಾದಲ್ಲಿ ಲ್ಯಾಟಿನ್ ಬಾರದ ಒಬ್ಬ ಪಾದ್ರಿ ‘ಪಿತನ, ಸುತನ ನಾಮದಲ್ಲಿ’ ಎನ್ನಲು ಹೋಗಿ ವಿಭಕ್ತಿಗಳನ್ನೆಲ್ಲ ಕೆಡಿಸಿ ‘ಇನ್ ನೋಮಿನೆ ಪಾತ್ರಿಯಾ ಎತ್ ಫೀಲಿಯಾ’ ಎನ್ನುತ್ತಿದ್ದ. ಸಂತ ಬೋನಿಫೇಸರು ಅವನಿಂದ ಪಡೆದವರಿಗೆ ಮತ್ತೆ ದೀಕ್ಷಾಸ್ನಾನ ಆಗಬೇಕೆಂದರು. ಪೋಪ್ ಜಕರಿಯಾಸರು ಬೇಡವೆಂದು ಬರೆದರು: ಅದು ಭಾಷಾಜ್ಞಾನದ ಕೊರತೆ, ತಪ್ಪು ಬೋಧನೆಯಲ್ಲ. ಹಾಗಾದರೆ ಆ ಡೀಕನ್‌ಗೂ ಅದೇ ರಿಯಾಯಿತಿ ಏಕಿಲ್ಲ? ನಮ್ಮ ಅಭಿಪ್ರಾಯದಲ್ಲಿ ವ್ಯತ್ಯಾಸ ಇರುವುದು ಇಲ್ಲಿ. ಬವೇರಿಯಾದ ಪಾದ್ರಿ ಧರ್ಮಸಭೆಯ ಮಾತನ್ನೇ ಹೇಳಹೊರಟು ಎಡವಿದ. ‘ನಾವು’ ಎಂಬುದು ತಿಳಿದೂ ಮಾಡಿದ ಬದಲಾವಣೆ, ಅದರಿಂದ ವಾಕ್ಯದ ಅರ್ಥವೇ ಬೇರೆಯಾಗುತ್ತದೆ. ತೀರ್ಪು ತನ್ನ ತರ್ಕದೊಳಗೆ ಸರಿಯಾಗಿಯೇ ನಿಲ್ಲುತ್ತದೆ. ಆದರೆ 1999ರಲ್ಲೇ ಈ ಪ್ರಶ್ನೆಯನ್ನು ರೋಮ್‌ವರೆಗೆ ಒಯ್ದಿದ್ದರೆ ಹುಡ್ ಆಗ ಒಂಬತ್ತರ ಆಸುಪಾಸಿನ ಹುಡುಗ. ಎರಡು ನಿಮಿಷದ ವಿಧಿಯಲ್ಲಿ ಎಲ್ಲ ಮುಗಿಯುತ್ತಿತ್ತು. ತಡವಾದಷ್ಟೂ ಸರಪಳಿ ಬೆಳೆಯಿತು.

ಡೆಟ್ರಾಯಿಟ್ ಒಂದೇ ಅಲ್ಲ. 2022ರ ಜನವರಿಯಲ್ಲಿ ಅರಿಜೋನಾದ ಫೀನಿಕ್ಸ್ ಧರ್ಮಪ್ರಾಂತ್ಯ, ಅಲ್ಲಿನ ಒಬ್ಬ ಗುರು 2021ರ ಜೂನ್ 17ರವರೆಗೆ ಕೊಟ್ಟ ದೀಕ್ಷಾಸ್ನಾನಗಳನ್ನೆಲ್ಲ ಇದೇ ಕಾರಣಕ್ಕೆ ಅಸಿಂಧುವೆಂದು ಭಾವಿಸಬೇಕೆಂದು ಪ್ರಕಟಿಸಿತು. ಬಾಧಿತರು ಸಾವಿರಾರು ಮಂದಿ. 2024ರ ಫೆಬ್ರವರಿಯಲ್ಲಿ ವ್ಯಾಟಿಕನ್ ಸಂಸ್ಕಾರಗಳ ಸಿಂಧುತ್ವದ ಬಗ್ಗೆಯೇ ಮತ್ತೊಂದು ಟಿಪ್ಪಣಿ ಹೊರಡಿಸಬೇಕಾಯಿತು.

ಇದನ್ನೇ ಬೇರೆ ಸಭೆಗಳು ನೋಡುವ ಬಗೆ

ಬ್ಯಾಪ್ಟಿಸ್ಟ್ ಸಭೆಯವರ ಮುಂದೆ ಈ ಕಡತ ಇಟ್ಟರೆ ಅವರು ‘ನಾನು–ನಾವು’ ವಿಷಯಕ್ಕೆ ಬರುವುದೇ ಇಲ್ಲ. 1990ರಲ್ಲಿ ನಂಬಿದವರು ಯಾರು ಎಂಬುದು ಅವರ ಮೊದಲ ಪ್ರಶ್ನೆ. ಕೂಸು ನಂಬಲಿಲ್ಲ, ಆದ್ದರಿಂದ ಡೀಕನ್ ಏನೇ ಹೇಳಿದ್ದರೂ ಅದು ದೀಕ್ಷಾಸ್ನಾನವಲ್ಲ. 1525ರ ಜನವರಿ 21ರಂದು ಜ್ಯೂರಿಚ್‌ನಲ್ಲಿ, ಶಿಶುಗಳ ದೀಕ್ಷಾಸ್ನಾನವನ್ನು ಒಪ್ಪದ ಅನಾಬ್ಯಾಪ್ಟಿಸ್ಟ್ ಪಂಥದ ಕಾನ್ರಾಡ್ ಗ್ರೇಬೆಲ್ ಅವರು ಜಾರ್ಜ್ ಬ್ಲೌರಾಕ್ ಅವರಿಗೆ ದೀಕ್ಷಾಸ್ನಾನ ಕೊಟ್ಟಾಗ ಮುಂದಿಟ್ಟ ವಾದವೂ ಇದೇ: ಇದು ಎರಡನೆಯದಲ್ಲ, ಮೊದಲನೆಯದು. ಅದಕ್ಕೆ ಅವರ ಗೆಳೆಯ ಫೆಲಿಕ್ಸ್ ಮಾಂಜ್ ತೆತ್ತ ಬೆಲೆ ಪ್ರಾಣ. 1527ರ ಜನವರಿ 5ರಂದು ಅವರನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು.

ಲೂಥರನ್ನರು ಇದಕ್ಕೆ ತಿರುಗಿ ಕೇಳುವ ಪ್ರಶ್ನೆಗೂ ತೂಕವಿದೆ. ದೀಕ್ಷಾಸ್ನಾನ ನಿಲ್ಲುವುದು ನನ್ನ ನಂಬಿಕೆಯ ಮೇಲಾದರೆ, ಇಂದು ನಂಬಿದ್ದು ನಿಜವಾದ ನಂಬಿಕೆಯೇ ಎಂಬ ಸಂಶಯ ನಾಳೆ ಹುಟ್ಟುತ್ತದೆ, ಆಗ ಮತ್ತೆ ನೀರಿಗಿಳಿಯಬೇಕೇ? ನಂಬಿಕೆ ದೀಕ್ಷಾಸ್ನಾನವನ್ನು ಮಾಡುವುದಿಲ್ಲ, ಸ್ವೀಕರಿಸುತ್ತದೆ ಎಂಬುದು ಲೂಥರರ ಮಾತಿನ ಸಾರ. ರಿಫಾರ್ಮ್ಡ್ ಸಭೆಗಳ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ ನಡುದಾರಿ ಹಿಡಿಯುತ್ತದೆ. ದೀಕ್ಷಾಸ್ನಾನವನ್ನು ಅಸಡ್ಡೆ ಮಾಡುವುದು ದೊಡ್ಡ ಪಾಪ, ಆದರೂ ಅದಿಲ್ಲದೆ ಯಾರಿಗೂ ರಕ್ಷಣೆಯಿಲ್ಲ ಎನ್ನಲಾಗದು, ಅದು ಆದವರೆಲ್ಲ ಹೊಸಜನ್ಮ ಪಡೆದವರು ಎಂದೂ ಹೇಳಲಾಗದು.

ಕಥೋಲಿಕರ ಕಠಿಣ ನಿಲುವಿನ ಒಳಗೂ ಈ ಬಿಡಿಸುವಿಕೆ ಇದೆ. ಧರ್ಮೋಪದೇಶ ಗ್ರಂಥದ 1257ನೇ ಪರಿಚ್ಛೇದದ ಪ್ರಕಾರ ದೇವರು ರಕ್ಷಣೆಯನ್ನು ದೀಕ್ಷಾಸ್ನಾನಕ್ಕೆ ಕಟ್ಟಿದ್ದಾನೆ, ಆದರೆ ತಾನೇ ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ. ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಆಕಾಂಕ್ಷಿಗೆ ಅವನ ಬಯಕೆಯೇ ಸಾಕು ಎಂಬುದು ಹಳೆಯ ಬೋಧನೆ. ಬೈಬಲಿನಲ್ಲಿ ಬರುವ ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಯಲ್ಲಿ ಪವಿತ್ರಾತ್ಮ ಇಳಿದದ್ದು ನೀರಿಗೆ ಮೊದಲು. ಆದರೂ ಪೇತ್ರ ನೀರನ್ನು ಬಿಡಲಿಲ್ಲ. ಪ್ರೇಷಿತರ ಕಾರ್ಯಗಳು 10ನೇ ಅಧ್ಯಾಯದ ಈ ಪ್ರಸಂಗವನ್ನು ನೀರು ಸಾಕು ಎನ್ನುವವರೂ ನಂಬಿಕೆ ಸಾಕು ಎನ್ನುವವರೂ ಪೂರ್ತಿಯಾಗಿ ಓದಬೇಕು. ಹುಡ್ ಅವರ 2020ಕ್ಕೆ ಹಿಂದಿನ ಮೂವತ್ತು ವರ್ಷಗಳ ಪ್ರಾರ್ಥನೆ ದೇವರಿಗೆ ಮುಟ್ಟಲಿಲ್ಲ ಎಂದು ರೋಮ್ ಎಲ್ಲೂ ಹೇಳಿಲ್ಲ. ಹೇಳಿದ್ದು ಇಷ್ಟೇ: ಸಂಸ್ಕಾರ ನಡೆದಿಲ್ಲ, ನಡೆಸಿ.

ನಮ್ಮ ಕಡೆ ಇದು ಎಲ್ಲಿ ತಾಗುತ್ತದೆ

ಕರ್ನಾಟಕದಲ್ಲಿ ಈ ತಕರಾರು ಹೆಚ್ಚಾಗಿ ಏಳುವುದು ಸಭೆ ಬದಲಿಸುವಾಗ, ಇಲ್ಲವೇ ಮದುವೆಯ ಹೊತ್ತಿಗೆ. ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆ) ಅಥವಾ ಕಥೋಲಿಕ ಮನೆತನದವರು ಪೆಂತೆಕೋಸ್ತ್ ಸಭೆಗೆ ಹೋದರೆ ಅಲ್ಲಿ ಸಾಮಾನ್ಯವಾಗಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಾರೆ. ಹಳೆಯ ಸಭೆಯವರಿಗೆ ಅದು ಮರುಸ್ನಾನ, ಹೊಸ ಸಭೆಯವರಿಗೆ ಮೊದಲ ಸ್ನಾನ. ಹಿಮ್ಮುಖವಾಗಿ ಬರುವವರ ವಿಷಯದಲ್ಲಿ ಕಥೋಲಿಕ ನಿಯಮ ಸ್ಪಷ್ಟ. ನೀರಿನಿಂದ, ತ್ರಿತ್ವದ (ಪಿತ, ಸುತ, ಪವಿತ್ರಾತ್ಮರ) ನಾಮದಲ್ಲಿ ಆಗಿದ್ದರೆ ಮತ್ತೆ ಕೊಡುವಂತಿಲ್ಲ. 314ರಲ್ಲಿ ಆರ್ಲ್ ಪಟ್ಟಣದಲ್ಲಿ ಸೇರಿದ ಬಿಷಪರ ಸಭೆಯಿಂದಲೂ ಪಶ್ಚಿಮದಲ್ಲಿ ಇದೇ ದಾರಿ. ‘ಯೇಸುವಿನ ನಾಮದಲ್ಲಿ’ ಎಂದಷ್ಟೇ ಹೇಳುವ ಏಕತ್ವವಾದಿ ಪೆಂತೆಕೋಸ್ತ್ ಗುಂಪುಗಳ ದೀಕ್ಷಾಸ್ನಾನವನ್ನು ಒಪ್ಪುವುದಿಲ್ಲ. ಮಾರ್ಮನ್‌ರದ್ದು ತ್ರಿತ್ವದ ಪದಗಳನ್ನೇ ಬಳಸಿದರೂ ಅಸಿಂಧುವೆಂದು 2001ರಲ್ಲಿ ರೋಮ್ ತೀರ್ಮಾನಿಸಿತು, ಅವರು ಆ ಪದಗಳಿಂದ ಹೇಳುವುದು ತ್ರಿತ್ವವನ್ನಲ್ಲ ಎಂಬ ಕಾರಣಕ್ಕೆ. ‘ಸೃಷ್ಟಿಕರ್ತ, ವಿಮೋಚಕ, ಪವಿತ್ರಗೊಳಿಸುವವ’ ಎಂಬ ಹೊಸ ಸೂತ್ರವನ್ನು 2008ರಲ್ಲಿ ತಳ್ಳಿಹಾಕಿತು.

ವಿಧಿಯಲ್ಲಿ ಎಡವಟ್ಟಾಗುವ ಜಾಗಗಳು ಕೆಲವೇ. ಒದ್ದೆ ಬೆರಳಿನಿಂದ ಹಣೆಗೆ ಶಿಲುಬೆ ಗುರುತು ಹಾಕಿ ಬಿಟ್ಟರೆ ಸಾಲದು, ನೀರು ತಲೆಯ ಮೇಲೆ ಹರಿಯಬೇಕು. ಕೂದಲು ದಟ್ಟವಾಗಿದ್ದರೆ ನೀರು ಚರ್ಮಕ್ಕೆ ತಾಗಿದೆಯೇ ಎಂದು ನೋಡಬೇಕು. ನೀರು ಹೊಯ್ಯುವವರೇ ಮಾತನ್ನೂ ಹೇಳಬೇಕು, ಹೊಯ್ಯುತ್ತಿರುವಾಗಲೇ ಹೇಳಬೇಕು. ಒಬ್ಬರು ಹೊಯ್ದು ಇನ್ನೊಬ್ಬರು ಹೇಳಿದರೆ ಆಗುವುದಿಲ್ಲ. ಹೆರಿಗೆ ವಾರ್ಡಿನಲ್ಲಿ ನರ್ಸ್ ಒಬ್ಬರು ಉಸಿರಾಟ ತಗ್ಗಿದ ಕೂಸಿಗೆ ಗ್ಲಾಸಿನ ನೀರನ್ನು ಸರಿಯಾಗಿ ಹೊಯ್ದು ಹೇಳಿದ್ದರೆ ಅದು ಪೂರ್ಣ ದೀಕ್ಷಾಸ್ನಾನ. ಮಗು ಉಳಿದರೆ ಚರ್ಚಿನಲ್ಲಿ ತೈಲ, ಬಿಳಿ ವಸ್ತ್ರ, ದೀಪದ ಉಳಿದ ವಿಧಿಗಳಷ್ಟೇ, ನೀರು ಮತ್ತೆ ಇಲ್ಲ. ಆ ನರ್ಸ್ ಯಾವ ಧರ್ಮದವರು ಎಂಬುದು ಮುಖ್ಯವಲ್ಲ. ಆದರೆ ಅವರ ಹೆಸರು, ಹೊತ್ತು, ಆಡಿದ ಮಾತುಗಳನ್ನು ಅಂದೇ ಬರೆದಿಟ್ಟು ಧರ್ಮಕೇಂದ್ರಕ್ಕೆ ಮುಟ್ಟಿಸಬೇಕು.

ದೀಕ್ಷಾಸ್ನಾನದ ಪ್ರಮಾಣಪತ್ರದಿಂದ ಈ ಬಗೆಯ ಅನುಮಾನ ತೀರುವುದಿಲ್ಲ. 877ನೇ ಕಲಮಿನಂತೆ ದಾಖಲೆ ಪುಸ್ತಕದಲ್ಲಿ ಮಗುವಿನ, ತಂದೆತಾಯಿಯ, ಜ್ಞಾನ ತಂದೆತಾಯಿಯ, ಕೊಟ್ಟವರ ಹೆಸರು, ಸ್ಥಳ, ದಿನಾಂಕ ಇರುತ್ತವೆ, ಆಡಿದ ಮಾತು ಇರುವುದಿಲ್ಲ. ಡೆಟ್ರಾಯಿಟ್‌ನಲ್ಲಿ ಸತ್ಯ ಸಿಕ್ಕಿದ್ದು ಮನೆಯವರು ತೆಗೆದಿಟ್ಟ ವಿಡಿಯೊದಿಂದ. ಕೇಳಿದ ಕೂಡಲೇ ಎಲ್ಲರೂ ಆತಂಕಪಡಬೇಕಾಗಿಲ್ಲ. ಅನುಮಾನಕ್ಕೆ ನಿರ್ದಿಷ್ಟ ಕಾರಣ ಇಲ್ಲದಿದ್ದರೆ ಆಗಿದ್ದು ಸಿಂಧುವೆಂದೇ ನಡೆಯಬೇಕು. ಕಾರಣವಿದ್ದರೆ ಮೊದಲು ವಿಡಿಯೊ, ಆಮೇಲೆ ಜ್ಞಾನ ತಂದೆತಾಯಿಯ ನೆನಪು, ಅದೇ ಕಾಲದಲ್ಲಿ ಅದೇ ಗುರುವಿನಿಂದ ದೀಕ್ಷಾಸ್ನಾನ ಪಡೆದ ಬೇರೆ ಮಕ್ಕಳ ವಿಡಿಯೊಗಳು. ಅಷ್ಟು ವಿಚಾರಿಸಿದ ಮೇಲೂ ಅನುಮಾನ ಉಳಿದರೆ 869ನೇ ಕಲಮು ಷರತ್ತಿನ ದೀಕ್ಷಾಸ್ನಾನಕ್ಕೆ ಅವಕಾಶ ಕೊಡುತ್ತದೆ. ‘ನಿನಗೆ ಈಗಾಗಲೇ ದೀಕ್ಷಾಸ್ನಾನ ಆಗಿಲ್ಲದಿದ್ದರೆ’ ಎಂದು ಮೊದಲು ಸೇರಿಸಿ, ಉಳಿದದ್ದನ್ನು ಎಂದಿನಂತೆ ಹೇಳಿ ನೀರು ಹೊಯ್ಯುತ್ತಾರೆ. ‘ನಾವು’ ಎಂದದ್ದು ವಿಡಿಯೊದಲ್ಲಿ ಕೇಳಿಸಿದವರಿಗೆ ಮಾತ್ರ ಈ ಷರತ್ತಿನ ಮಾತು ಸೇರಿಸುವಂತಿಲ್ಲ. ಅವರಿಗೆ ಆಗುವುದು ಮೊದಲ ದೀಕ್ಷಾಸ್ನಾನ.